ಗಾಮಾ ಕಿರಣಕ್ಕೆ ಹಾನ್ಲೆಯ ಕಾವಲು

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, 21 ಮೀಟರ್ ಅಗಲದ ‘ಮೇಸ್’ ಎಂಬ ಗಾಮಾ ಕಿರಣ ದೂರದರ್ಶಕ ನಿಂತಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಕಟ್ಟಿದ ಇದು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಅಲ್ಲಿನ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅತ್ಯಧಿಕ ಶಕ್ತಿಯ ಗಾಮಾ ಕಿರಣ ನೆಲ ಮುಟ್ಟುವುದಿಲ್ಲ. ಎತ್ತರದಲ್ಲೇ ಗಾಳಿಗೆ ಬಡಿದು ಕಣಗಳ ಮಳೆಯಾಗುತ್ತದೆ. ಆ ಕಣಗಳು ಹೊಮ್ಮಿಸುವ ಚೆರೆಂಕೋವ್ ಎಂಬ ನೀಲಿ ಮಿಂಚು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಹೊತ್ತು ಇರುತ್ತದೆ. ಮೇಸ್‌ನ ಕ್ಯಾಮೆರಾ ಅದನ್ನು 1,088 ಪಿಕ್ಸೆಲ್‌ಗಳಲ್ಲಿ ಹಿಡಿಯುತ್ತದೆ. ಕಾಸ್ಮಿಕ್ ಕಿರಣಗಳಿಂದಲೂ ಇಂಥ ಮಿಂಚು ಹುಟ್ಟುತ್ತದೆ, ಅದೂ ಎಷ್ಟೋ ಪಟ್ಟು ಹೆಚ್ಚಾಗಿ. ಆದರೆ ಅವುಗಳ ಚಿತ್ರ ಚದುರಿದ ಮಚ್ಚೆ. ಗಾಮಾ ಕಿರಣದ್ದು ಸಪೂರವಾದ ಅಂಡಾಕಾರ. ಉಪಗ್ರಹವೇ ಸಾಲದೇ ಎಂದರೆ, ಸಾಲದು: ಅದರ ಉಪಕರಣದ ವಿಸ್ತಾರ ಚದರ ಮೀಟರ್‌ಗಳ ಲೆಕ್ಕ, ನೆಲದ ಮೇಲೆ ಈ ಮಿಂಚು ಹರಡುವುದು ಹತ್ತಾರು ಸಾವಿರ ಚದರ ಮೀಟರ್.

ಇಂಥ ಕಿರಣಗಳ ಮೂಲಗಳಲ್ಲಿ, ಕೇಂದ್ರದ ಕಪ್ಪುಕುಳಿಯ ಬಳಿಯಿಂದ ಕಣಗಳ ಧಾರೆ ಚಿಮ್ಮಿಸುವ ಗ್ಯಾಲಕ್ಸಿಗಳೂ ಇವೆ. ಅವುಗಳಲ್ಲಿ ಬ್ಲೇಜಾರ್‌ಗಳ ಧಾರೆ ನಮ್ಮತ್ತಲೇ ಚಿಮ್ಮುವುದರಿಂದ ಅವು ಪ್ರಖರ. ರೇಡಿಯೊ ಗ್ಯಾಲಕ್ಸಿಗಳ ಧಾರೆ ಓರೆ, ಹಾಗಾಗಿ ಮಂಕು; ಈ ಶಕ್ತಿಯಲ್ಲಿ ಕಂಡಿರುವುದು ಬೆರಳೆಣಿಕೆಯಷ್ಟು. ಮೊದಲನೆಯದು ಎಂ87, ಹೆಗ್ರಾ ದೂರದರ್ಶಕಗಳ 1998–99ರ ವೀಕ್ಷಣೆಯಲ್ಲಿ ಸಿಕ್ಕಿತು. ಮಂಕಾದವುಗಳ ಹಿಂದೆ ಬೀಳುವುದೇಕೆ? ಧಾರೆಯನ್ನು ಪಕ್ಕದಿಂದ ನೋಡಿದರೆ ಮಾತ್ರ ಕಿರಣ ಅದರ ಯಾವ ಭಾಗದಿಂದ ಬಂತೆಂದು ಕೇಳಲು ಸಾಧ್ಯ. ಐಸಿ 310 ಗ್ಯಾಲಕ್ಸಿಯ ಹೊಳಪು 2012ರ ನವೆಂಬರ್‌ನಲ್ಲಿ ಐದು ನಿಮಿಷದೊಳಗೆ ಏರಿಳಿಯಿತು. ಅಲ್ಲಿನ ಕಪ್ಪುಕುಳಿಯ ಅಗಲದಷ್ಟು ದೂರ ಹಾಯಲು ಬೆಳಕಿಗೇ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಬೇಕು. ಬೆಳಕು ಒಂದು ಮೂಲವನ್ನು ದಾಟುವ ಹೊತ್ತಿಗಿಂತ ಬೇಗ ಅದರ ಹೊಳಪು ಬದಲಾಗದು. ಅಂದರೆ ಇಲ್ಲಿ ಕಿರಣದ ಮೂಲ ಕಪ್ಪುಕುಳಿಗಿಂತಲೂ ಚಿಕ್ಕದು. ಹಾಗೆಂದು ಎಲ್ಲವೂ ಕೇಂದ್ರದಲ್ಲೇ ಹುಟ್ಟುತ್ತದೆ ಎನ್ನಲಾಗದು. ನಮೀಬಿಯಾದ ಹೆಸ್ ತಂಡ 2020ರಲ್ಲಿ ತೋರಿಸಿದಂತೆ, ಸೆಂಟಾರಸ್ ಎ ಗ್ಯಾಲಕ್ಸಿಯ ಗಾಮಾ ಹೊಳಪು ಸಾವಿರಾರು ಜ್ಯೋತಿರ್ವರ್ಷ ಉದ್ದಕ್ಕೆ ಧಾರೆಯ ಜೊತೆಗೇ ಚಾಚಿದೆ. ಅಷ್ಟು ದೂರದಲ್ಲೂ ಎಲೆಕ್ಟ್ರಾನುಗಳು ಮತ್ತೆ ಮತ್ತೆ ವೇಗ ಪಡೆಯುತ್ತಿರಬೇಕು, ಇಲ್ಲದಿದ್ದರೆ ಅವುಗಳ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಸ್ಪೇನಿನ ಲಾ ಪಾಲ್ಮಾ ದ್ವೀಪ, ಚಿಲಿಗಳಲ್ಲಿ ಇಂಥ ದೂರದರ್ಶಕಗಳ ಸಮೂಹವೇ ಏಳುತ್ತಿರುವಾಗ ನಮ್ಮ ಒಂಟಿ ಮೇಸ್ ಏನು ಮಾಡೀತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದೇ ಕೋನದ ಚಿತ್ರದಿಂದ ಕಿರಣದ ದಿಕ್ಕನ್ನು ಅಳೆಯುವುದು ಕಷ್ಟ. ಆದರೆ ನಿಮಿಷಗಳಲ್ಲಿ, ದಿನಗಳಲ್ಲಿ ಬದಲಾಗುವ ಮೂಲಗಳಿಗೆ ಕನ್ನಡಿಯ ಸಂಖ್ಯೆಯಷ್ಟೇ ಮುಖ್ಯವಾದದ್ದು ರಾತ್ರಿ. ಹಾನ್ಲೆಯಲ್ಲಿ ಕತ್ತಲಾದ ಆರೇಳು ಗಂಟೆಯ ಮೇಲೆ ಲಾ ಪಾಲ್ಮಾದಲ್ಲಿ ಕತ್ತಲಾಗುತ್ತದೆ. ಆ ಅಂತರದಲ್ಲಿ ಭುಗಿಲೆದ್ದು ತಣ್ಣಗಾದದ್ದನ್ನು ಅಲ್ಲಿನವರು ನೋಡಲಾರರು. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ರೇಡಿಯೊ ಗ್ಯಾಲಕ್ಸಿ ಎನ್‌ಜಿಸಿ 1275, 2022ರ ಡಿಸೆಂಬರ್ ಮತ್ತು 2023ರ ಜನವರಿಯಲ್ಲಿ ಉರಿದೆದ್ದಾಗ ಮೇಸ್ ತನ್ನ ಉದ್ಘಾಟನೆಗೂ ಮೊದಲೇ ಅದನ್ನು ಹಿಡಿದು ತನ್ನ ಯೋಗ್ಯತೆಯನ್ನು ತೋರಿಸಿದೆ. ಹಾನ್ಲೆಯಲ್ಲಿ ಇದರ ಜೊತೆಗೆ ಇನ್ನೊಂದು ದೂರದರ್ಶಕ ಏಳಬೇಕು. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ತಡಮಾಡದೆ ಕೊಡಬೇಕು.