ಶಿಶುವಿನ ತೂಕ ಅಧಿಕವಿರುವ ಗರ್ಭಿಣಿಯರಿಗೆ ಮಾಹಿತಿ

ಜನನ ಸಮಯದಲ್ಲಿ 4 ಕಿ.ಗ್ರಾಂ.ಗಿಂತ ಹೆಚ್ಚು ತೂಗುವ ಶಿಶುವನ್ನು ಅಧಿಕ ತೂಕದ ಶಿಶುವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ತಿಳಿಯುವ ತೂಕವು ಅಂದಾಜು ಮಾತ್ರ.

ಕಾರಣಗಳು: ಗರ್ಭಾವಸ್ಥೆಯ ಮಧುಮೇಹ, ತಾಯಿಯ ಅಧಿಕ ತೂಕ, ಹಿಂದಿನ ಹೆರಿಗೆಯಲ್ಲಿ ದೊಡ್ಡ ಶಿಶುವಿನ ಜನನ ಹಾಗೂ ದಿನ ಮೀರಿದ ಗರ್ಭ. ಕಬ್ಬಿಣಾಂಶದ ಮಾತ್ರೆಯಿಂದ ಶಿಶು ದೊಡ್ಡದಾಗುತ್ತದೆ ಎಂಬುದು ತಪ್ಪು ಕಲ್ಪನೆ. ಈ ಭಯದಿಂದ ಮಾತ್ರೆಯನ್ನಾಗಲಿ, ಊಟವನ್ನಾಗಲಿ ಬಿಡಬಾರದು.

ಪರೀಕ್ಷೆ: ಮೊದಲ ಭೇಟಿಯಲ್ಲಿ ಹಾಗೂ 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ನೀಡಿ, 2 ಗಂಟೆಗಳ ನಂತರ ರಕ್ತ ಪರೀಕ್ಷಿಸಲಾಗುತ್ತದೆ. ಪ್ರತಿ ಡೆಸಿಲೀಟರ್‌ಗೆ 140 ಮಿ.ಗ್ರಾಂ. ಅಥವಾ ಹೆಚ್ಚು ಸಕ್ಕರೆ ಕಂಡುಬಂದಲ್ಲಿ ಆಹಾರ ಕ್ರಮ ಹಾಗೂ ಅಗತ್ಯವಿದ್ದಲ್ಲಿ ಔಷಧವನ್ನು ಸೂಚಿಸಲಾಗುವುದು.

ಹೆರಿಗೆ: ಶಿಶುವಿನ ಭುಜ ಸಿಲುಕುವ ಹಾಗೂ ತಾಯಿಗೆ ಅಧಿಕ ರಕ್ತಸ್ರಾವವಾಗುವ ಸಂಭವವಿರುವುದರಿಂದ ಮನೆಯಲ್ಲಿ ಹೆರಿಗೆ ಅಪಾಯಕಾರಿ. ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗರ್ಭಿಣಿಯರು ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾಗಬೇಕೆಂಬುದನ್ನು ವೈದ್ಯರ ಸಲಹೆಯಂತೆ ಮೊದಲೇ ನಿರ್ಧರಿಸಿಕೊಳ್ಳುವುದು. ಜನಿಸಿದ 1 ಗಂಟೆಯೊಳಗೆ ಎದೆಹಾಲುಣಿಸುವುದು. ತಾಯಿಗೆ ಮಧುಮೇಹವಿದ್ದಲ್ಲಿ ಶಿಶುವಿನ ರಕ್ತದ ಸಕ್ಕರೆ ಪರೀಕ್ಷೆ ಅವಶ್ಯಕ.

ಸೌಲಭ್ಯ: 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ ಉಚಿತ. ತಾಯಿ ಕಾರ್ಡನ್ನು ತಪ್ಪದೇ ತರುವುದು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡುವುದು.