ನಿಮಗಿದು ಗೊತ್ತೆ? ಮನೆಯಲ್ಲೇ ವಿಮಾನ ಕಟ್ಟಬಹುದು!

ಹವ್ಯಾಸಿಗಳು ಗ್ಯಾರೇಜಿನಲ್ಲಿ ಕಟ್ಟಲೆಂದು ರೂಪಿಸಿದ ವಿಮಾನವೊಂದು ಬೆಂಗಳೂರಿನ ಸಂಶೋಧನೆಗೆ ದಾರಿಯಾಯಿತು.

ಅಮೆರಿಕದ ಬರ್ಟ್ ರುಟಾನ್ ರೂಪಿಸಿದ 'ಲಾಂಗ್-ಈಝಿ' ಮೊದಲು ಹಾರಿದ್ದು 1979ರಲ್ಲಿ. ಫೋಮ್ ಅನ್ನು ಬಿಸಿ ತಂತಿಯಿಂದ ಕೊರೆದು, ಗಾಜಿನ ನಾರು ಹೊದಿಸಿ, ಎಪಾಕ್ಸಿ ಬಳಿದರೆ ರೆಕ್ಕೆ ಸಿದ್ಧ. ಎಂಜಿನ್ ಹಿಂದೆ, ಪುಟ್ಟ ರೆಕ್ಕೆ ಮುಂದೆ. ವೇಗ ಕುಗ್ಗಿದಾಗ ಮುಂದಿನ ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಂಡು ಮೂತಿ ಬಾಗುತ್ತದೆ; ದೊಡ್ಡ ರೆಕ್ಕೆ ಹಾರುತ್ತಲೇ ಇರುತ್ತದೆ. ಎಂಥ ಸೊಗಸಾದ ಯೋಚನೆ! ಇದೇ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್ ಕಟ್ಟಿದ ಪ್ರಾಯೋಗಿಕ ವಿಮಾನ ಎಲ್‌ಸಿಆರ್‌ಎ 1987ರಲ್ಲಿ ಹಾರಿತು. 1993ರಲ್ಲಿ ಅಲ್ಲಿಂದಲೇ 'ಹಂಸ' ಎಂಬ ತರಬೇತಿ ವಿಮಾನ ಮೇಲೇರಿತು.

ಇಂಥ ವಿಮಾನವನ್ನು ನೀವೇ ಕಟ್ಟುವುದಾದರೆ, ಸಲಕರಣೆ ಆರಿಸುವಾಗ ಮೊದಲ ಪ್ರಶ್ನೆ ತೂಕದ್ದು, ಎರಡನೆಯದು ಇಂಧನದ್ದು. ಲೈಕಮಿಂಗ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ವಿಮಾನದ ಪೆಟ್ರೋಲ್ ಬೇಕು. ರೋಟ್ಯಾಕ್ಸ್ 912 ಎಂಜಿನ್ ಸೀಸರಹಿತ ಪೆಟ್ರೋಲಿನಲ್ಲೂ ಓಡುತ್ತದೆ. ವೇಗಮಾಪಕ, ಎತ್ತರಮಾಪಕ, ದಿಕ್ಸೂಚಿಗಳನ್ನು ಬಿಡುವಂತಿಲ್ಲ. ಬಣ್ಣದ ಪರದೆಗಳು ಆಮೇಲಿನ ಮಾತು.

ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆಯೇ ಆರು ಆಸನಗಳ ವಿಮಾನ ಕಟ್ಟಿದರು. ಅದರ ನೋಂದಣಿಯಾದದ್ದು 2017ರಲ್ಲಿ. ನೋಂದಣಿ, ಹಾರಾಟದ ಅನುಮತಿ ಎರಡನ್ನೂ ಕೊಡುವುದು ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ವಿಮಾನದ ಬಿಡಿಭಾಗಗಳ ಕಿಟ್‌ಗೆ ಹಣ ಕಟ್ಟುವ ಮೊದಲು ಅದರ ನಿಯಮಗಳನ್ನು ಓದಿಕೊಳ್ಳಿ.