ಹೊಟ್ಟೆಯ ಒಳಪೊರೆಯ ಕ್ಯಾನ್ಸರ್: ಹಳೆಯ ಧೂಳಿನ ಸಂಗತಿ ಡಾಕ್ಟರಿಗೆ ಹೇಳಿ

ಬಾಳೆನಾರಿನಲ್ಲಿ ಹೂ ಕಟ್ಟದ ಕೈ ನಮ್ಮ ಕಡೆ ಇದ್ದೀತೆ? ಕಂಪ್ಲಿಯ ತೋಟದಿಂದಲೋ ಹಂಪಿಯ ಹೊಳೆದಂಡೆಯಿಂದಲೋ ತಂದ ಒಣಪಟ್ಟೆಯನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಸೀಳಿ, ಎಳೆ ಎಳೆಯಾಗಿ ಬಿಡಿಸುವ ವಿದ್ಯೆಯನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೆಯೇ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ಒಂದು ಕಲ್ಲು ಇದೆ. ಕನ್ನಡದಲ್ಲಿ ಅದರ ಹೆಸರೇ ಕಲ್ನಾರು. ಅಂಗಡಿಯವರ ಮಾತಿನಲ್ಲಿ ಆಸ್ಬೆಸ್ಟಾಸ್.

ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಅದಕ್ಕೇ ಕಲ್ನಾರಿಗೆ ಅಷ್ಟು ಬೇಡಿಕೆ ಬಂತು. ಸಿಮೆಂಟಿಗೆ ಬೆರೆಸಿ ಮನೆಯ ಮೇಲಿನ ಶೀಟು ಮಾಡಿದರು, ಪೈಪು ಮಾಡಿದರು. ಕಾರ್ಖಾನೆಗಳ ಬಾಯ್ಲರಿಗೂ ಉಗಿಬಂಡಿಯ ಇಂಜಿನಿಗೂ ಶಾಖ ಹೋಗದಂತೆ ಸುತ್ತಿದರು. ಲಾರಿಯ ಬ್ರೇಕ್ ಲೈನರಿನಲ್ಲೂ ಬಹುಕಾಲ ಅದೇ ಇತ್ತು. ನಮ್ಮ ರಾಜ್ಯದ ಹೊಳೆನರಸೀಪುರದ ಕಡೆ ಈ ಕಲ್ಲಿನ ನಿಕ್ಷೇಪವೇ ಇದೆ. ಭಾರತ ಸರ್ಕಾರ 1986ರಲ್ಲಿ ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. 1993ರಿಂದ ಹಳೆಯ ಗುತ್ತಿಗೆಗಳ ನವೀಕರಣವೂ ನಿಂತಿತು. ಆದರೆ ಹೊರದೇಶಗಳಿಂದ ತರಿಸುವುದು ನಿಂತಿಲ್ಲ. ಶೀಟು ಇಂದಿಗೂ ಮಾರಾಟದಲ್ಲಿದೆ.

"ಇದೆಲ್ಲ ಗಂಡಸರ ಕಾರ್ಖಾನೆಯ ವಿಷಯ, ನಮಗ್ಯಾಕೆ?" ಎನ್ನಬೇಡಿ. ಈ ನಾರಿನ ಧೂಳಿನಿಂದ ಬರುವ ಒಂದು ಅಪರೂಪದ ಕ್ಯಾನ್ಸರ್, ಹೊಟ್ಟೆಯಲ್ಲಿ ಕಾಣಿಸಿಕೊಂಡಾಗ, ಗುರುತು ಸಿಗದೆ ತಿಂಗಳುಗಟ್ಟಲೆ ಅಲೆಸುತ್ತದೆ. ಆಗ ಡಾಕ್ಟರಿಗೆ ದಾರಿ ತೋರಿಸುವ ಒಂದು ಮಾತು ನಿಮ್ಮ ಬಾಯಿಂದಲೇ ಬರಬೇಕಾಗಬಹುದು.

ಏನಿದು ಈ ರೋಗ?

ನಮ್ಮ ಹೊಟ್ಟೆಯೊಳಗೆ ಕರುಳು, ಯಕೃತ್ತು, ಗರ್ಭಕೋಶಗಳನ್ನು ಹೊದಿಸಿಟ್ಟಂತೆ ಒಂದು ಪೊರೆ ಇದೆ. ಕಾಯಿಸಿ ಆರಿಸಿದ ಹಾಲಿನ ಮೇಲಿನ ಕೆನೆಯಂತೆ ತೆಳ್ಳಗೆ. ಒಳಗಿನ ಅಂಗಗಳು ಒಂದಕ್ಕೊಂದು ತಿಕ್ಕದೆ ಜಾರಲಿ ಎಂದು ಅದು ಸದಾ ಸ್ವಲ್ಪ ತೇವ ಒಸರುತ್ತಿರುತ್ತದೆ. ಈ ಪೊರೆಯಲ್ಲೇ ಹುಟ್ಟುವ ಕ್ಯಾನ್ಸರಿಗೆ ಮೆಸೋಥೀಲಿಯೋಮ ಎಂದು ಹೆಸರು. ಇದು ಹೆಚ್ಚಾಗಿ ಬರುವುದು ಶ್ವಾಸಕೋಶದ ಹೊದಿಕೆಗೆ. ನೂರರಲ್ಲಿ ಸುಮಾರು 10ರಿಂದ 20 ಮಂದಿಗೆ ಮಾತ್ರ ಹೊಟ್ಟೆಯ ಪೊರೆಗೆ ಬರುತ್ತದೆ.

ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಒಳಗೆ ಹೋಗುತ್ತದೆ, ಎಂಜಲಿನ ಜೊತೆ ಹೊಟ್ಟೆಗೂ ಇಳಿಯುತ್ತದೆ. ಎದೆಯಿಂದಲೋ ಕರುಳಿನಿಂದಲೋ ಅದು ಒಳಪೊರೆಯನ್ನು ಸೇರುತ್ತದೆಂದು ವೈದ್ಯರ ಊಹೆ. ಸೇರಿದ ಎಳೆಯನ್ನು ನಮ್ಮ ದೇಹ ಕರಗಿಸಲಾರದು. ಒಳಗೊಳಗೇ ಚುಚ್ಚಿ ಕೆರಳಿಸುತ್ತ ಕೂತ ಅದು ಕ್ಯಾನ್ಸರಾಗಿ ತಲೆ ಎತ್ತುವುದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತಕ್ಕೂ ಮೀರಿದ ವರ್ಷಗಳ ಮೇಲೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿತು. ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಎಂದು. ಈ ರೋಗಗಳು ಎಷ್ಟು ನಿಧಾನವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹೊಟ್ಟೆಯ ಪೊರೆಗೆ ಈ ರೋಗ ಬಂದ ಎಲ್ಲರಿಗೂ ಕಲ್ನಾರಿನ ಸಂಪರ್ಕ ಇರುವುದಿಲ್ಲ. ಹೆಂಗಸರಲ್ಲಂತೂ ಬಹಳ ಮಂದಿಗೆ ಕಾರಣವೇ ಸಿಗುವುದಿಲ್ಲ. ಇದು ಅಂಟುಜಾಡ್ಯವಲ್ಲ. ತಟ್ಟೆ ಲೋಟ ಬೇರೆ ಮಾಡಬೇಕಾಗಿಲ್ಲ. ಉಂಡ ಖಾರದಿಂದಲೂ ಬಂದದ್ದಲ್ಲ.

ಬಟ್ಟೆಯ ಜೊತೆ ಮನೆಗೆ ಬಂದ ಧೂಳು

1965ರಲ್ಲಿ ಲಂಡನ್ನಿನಲ್ಲಿ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಎಂಬ ಇಬ್ಬರು ಮಹಿಳೆಯರು ಎದೆಯ ಹಾಗೂ ಹೊಟ್ಟೆಯ ಪೊರೆಗೆ ಈ ಕ್ಯಾನ್ಸರ್ ಬಂದವರ ಪೂರ್ವಕಥೆಯನ್ನು ಕೆದಕಿ ಬರೆದಿಟ್ಟರು. ಆ ರೋಗಿಗಳಲ್ಲಿ 9 ಮಂದಿ ಕಲ್ನಾರಿನ ಕೆಲಸವನ್ನೇ ಮಾಡಿದವರಲ್ಲ. ಅವರ ಮನೆಯವರೊಬ್ಬರು ಆ ಕೆಲಸದಲ್ಲಿದ್ದರು, ಅಷ್ಟೇ. ಬಹುಮಟ್ಟಿಗೆ ಅವರು ಮಾಡಿದ್ದು, ಕೆಲಸದಿಂದ ಬಂದ ಗಂಡನ ಬಟ್ಟೆಯ ಧೂಳು ಕೊಡವಿ ಒಗೆದದ್ದು!

ನಮ್ಮೂರುಗಳ ಲೆಕ್ಕ ಹಾಕಿ ನೋಡಿ. ಹೊಸಪೇಟೆಯ ಗ್ಯಾರೇಜುಗಳಲ್ಲಿ ಅದಿರಿನ ಲಾರಿಗಳ ಬ್ರೇಕು ಬಿಚ್ಚಿ ಗಾಳಿ ಹೊಡೆದು ಧೂಳು ಹಾರಿಸಿದವರು, ಸಕ್ಕರೆ ಕಾರ್ಖಾನೆಯಲ್ಲೋ ರೈಲ್ವೆಯಲ್ಲೋ ಬಾಯ್ಲರಿನ ಹತ್ತಿರ ದುಡಿದವರು, ಶೀಟು ಕೊಯ್ದು ಹೊದಿಸುವ ಗೌಂಡಿಗಳು, ಹಳೆಯ ಕಟ್ಟಡ ಒಡೆಯುವ ಕೂಲಿಯವರು. ಇವರಿಗೆಲ್ಲ ರೋಗ ಬಂದೇ ಬರುತ್ತದೆ ಎಂದಲ್ಲ. ಬರುವವರು ಬಹಳ ಕಡಿಮೆ. ಆದರೆ ಕಲ್ನಾರಿನ ಧೂಳು ತಗಲಿರಬಹುದಾದ ಕೆಲಸಗಳು ಇವು.

ಸಂಡೂರಿನ ಸೋದರಿಯರು ಕೇಳಬಹುದು: "ನಮ್ಮ ಮನಿಯೊಳಗ ಬರೋ ಕೆಂಪು ಧೂಳೂ ಇದೇ ಏನ್ರೀ?" ಅಲ್ಲ. ಕಬ್ಬಿಣದ ಅದಿರಿನ ಧೂಳು ಕಲ್ನಾರಲ್ಲ. ಉಸಿರಾಟಕ್ಕೆ ಅದೂ ಕೆಡುಕೇ, ಆದರೆ ಈ ರೋಗದ ಕಾರಣ ಅದಲ್ಲ.

ಯಾವಾಗ ಎಚ್ಚರಾಗಬೇಕು?

ಊಟ ಕಡಿಮೆಯಾಗುತ್ತಿದೆ, ಮೈ ಇಳಿಯುತ್ತಿದೆ. ಹೊಟ್ಟೆ ಮಾತ್ರ ಉಬ್ಬುತ್ತಿದೆ. ಸೀರೆ ಲಂಗದ ಲಾಡಿ ಬಿಗಿಯಾಗುತ್ತಿದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತೆ. ಒಂದೇ ಸಮನೆ ನೋವು, ಸುಸ್ತು, ಮಲಬದ್ಧತೆ. ಹೊಟ್ಟೆಯಲ್ಲಿ ನೀರು ತುಂಬುವ ಇದನ್ನು ನಮ್ಮ ಹಿರಿಯರು ಜಲೋದರ ಎಂದರು. "ಗ್ಯಾಸ್ ಆಗಿರಬೇಕು ಬಿಡವ್ವಾ, ಓಮಿನಕಾಳು ತಿನ್ನು" ಎನ್ನುತ್ತಾರೆ ಮನೆಯವರು. ಓಮ ತಿನ್ನಿ, ಬೇಡವೆನ್ನುವುದಿಲ್ಲ. ಆದರೆ ಎರಡು ಮೂರು ವಾರವಾದರೂ ಇಳಿಯದಿದ್ದರೆ ಡಾಕ್ಟರನ್ನು ಕಾಣಲೇಬೇಕು.

ಜಲೋದರಕ್ಕೆ ಕಾರಣ ಹತ್ತಾರು. ಯಕೃತ್ತಿನ ರೋಗ, ಹೊಟ್ಟೆಯ ಕ್ಷಯ, ಅಂಡಾಶಯದ ಕ್ಯಾನ್ಸರ್ ಇವೇ ಹೆಚ್ಚು. ನಾವು ಹೇಳುತ್ತಿರುವ ರೋಗ ಬಹಳ ಅಪರೂಪ. ಅದಕ್ಕೇ ಎಡವಟ್ಟಾಗುವುದು. ಕ್ಷಯವೆಂದು ಔಷಧಿ ನಡೆಯುತ್ತಿರುತ್ತದೆ, ತೆಗೆದ ನೀರು ಮತ್ತೆ ತುಂಬುತ್ತಿರುತ್ತದೆ. ತೆಗೆದ ನೀರಿನ ಪರೀಕ್ಷೆಯಲ್ಲಿ ಎಷ್ಟೋ ಸಲ ಇದು ಸಿಕ್ಕುವುದಿಲ್ಲ. ಸ್ಕ್ಯಾನಿಂಗ್ ಮಾಡಿ, ಸಣ್ಣ ರಂಧ್ರದ ಮೂಲಕ ದುರ್ಬೀನು ಹಾಕಿ, ಪೊರೆಯ ಚೂರು ತೆಗೆದು ಬಯಾಪ್ಸಿ ಮಾಡಿದಾಗಲೇ ಖಚಿತ. ಚಿಕಿತ್ಸೆಗೆ ಗುಣ ಕಾಣದಿದ್ದರೆ "ಬಯಾಪ್ಸಿ ಮಾಡಿಸಬೇಕೇ ಸಾರ್?" ಎಂದು ಕೇಳಲು ಸಂಕೋಚ ಬೇಡ. ನಿಮ್ಮಷ್ಟಕ್ಕೆ ನೀವೇ ಔಷಧಿ ನಿಲ್ಲಿಸಬೇಡಿ.

ಚಿಕಿತ್ಸೆ ಉಂಟೆ?

ಉಂಟು, ಸುಲಭವಲ್ಲ. ಆಪರೇಷನ್ ಮಾಡಿ ಕಾಣುವ ಗಂಟುಗಳನ್ನೆಲ್ಲ ತೆಗೆದು, ಅದೇ ಹೊತ್ತಿನಲ್ಲಿ ಬಿಸಿ ಮಾಡಿದ ಕ್ಯಾನ್ಸರ್ ಔಷಧಿಯಿಂದ ಹೊಟ್ಟೆಯ ಒಳಗನ್ನು ತೊಳೆಯುವ ವಿಧಾನ ಬಂದಿದೆ. ಎಲ್ಲರ ದೇಹಸ್ಥಿತಿಗೂ ಇದು ಹೊಂದುವುದಿಲ್ಲ. ಹೊಂದಿದವರಿಗೆ ಲಾಭ ದೊಡ್ಡದು. ಹೀಗೆ ಚಿಕಿತ್ಸೆ ಪಡೆದ 405 ಮಂದಿಯ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಐದು ವರ್ಷ ದಾಟಿದವರು ನೂರಕ್ಕೆ 47. ಆಪರೇಷನ್ ಆಗದವರಿಗೆ ರಕ್ತನಾಳದ ಮೂಲಕ ಕೊಡುವ ಔಷಧಿಗಳಿವೆ. ಮೊದಲು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಅವರು ಹೇಳಿದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ; ಸರ್ಕಾರದ ಆರೋಗ್ಯ ಯೋಜನೆಯ ನೆರವಿಗೆ ಬೇಕಾಗುತ್ತದೆ.

ಅಮೆರಿಕದ ಹೆಸರಾಂತ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಇದೇ ಹೊಟ್ಟೆಯ ಕ್ಯಾನ್ಸರ್ ಬಂತು. ಆಗ ಅವರಿಗೆ ನಲವತ್ತು ವಯಸ್ಸು. ರೋಗಿಗಳಲ್ಲಿ ಅರ್ಧ ಜನ ಎಂಟು ತಿಂಗಳೊಳಗೆ ತೀರಿಕೊಳ್ಳುತ್ತಾರೆಂದು ಪುಸ್ತಕಗಳು ಹೇಳುತ್ತಿದ್ದವು. ಹಾಗಾದರೆ ಉಳಿದ ಅರ್ಧ ಜನ ಎಂಟು ತಿಂಗಳು ದಾಟುತ್ತಾರೆ, ಕೆಲವರು ಎಷ್ಟೋ ವರ್ಷ ದಾಟುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಚಿಕಿತ್ಸೆ ಪಡೆದರು, ಇಪ್ಪತ್ತು ವರ್ಷ ಬಾಳಿದರು. 2002ರಲ್ಲಿ ಅವರನ್ನು ಕೊಂಡೊಯ್ದದ್ದು ಬೇರೆಯೇ ಕ್ಯಾನ್ಸರ್. ಎಲ್ಲರಿಗೂ ಹಾಗಾಗುತ್ತದೆಂದು ಭರವಸೆ ಕೊಡಲಾಗದು. ಆದರೆ ಸರಾಸರಿ ಲೆಕ್ಕ ಕೇಳಿದೊಡನೆ ಕೈಚೆಲ್ಲಿ ಕೂರಬೇಕಾಗಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು

• ಒಡೆಯದೆ ಗಟ್ಟಿಯಾಗಿರುವ ಶೀಟಿನಿಂದ ನಾರು ಉದುರುವುದು ಬಹಳ ಕಡಿಮೆ. ಹೆದರಿ ಕಿತ್ತೆಸೆಯಬೇಡಿ. ಅಪಾಯ ಇರುವುದು ಕೊಯ್ದಾಗ, ತೂತು ಕೊರೆದಾಗ, ಒಡೆದಾಗ.

• ಬೇಸಿಗೆಯಲ್ಲಿ ಶೀಟಿಗೆ ಸುಣ್ಣ ಬಳಿಸುವ ಮೊದಲು ತಂತಿ ಬ್ರಷ್ಷಿನಿಂದ ಕೆರೆಸಬೇಡಿ.

• ಶೀಟು ಬದಲಿಸುವಾಗ ನೀರು ಹೊಡೆದು ತೋಯಿಸಿ, ಇಡೀ ಶೀಟನ್ನೇ ಇಳಿಸಲು ಹೇಳಿ. ಮಕ್ಕಳನ್ನು ದೂರ ಕಳಿಸಿ. ಸೆರಗು ಅಡ್ಡ ಹಿಡಿದರೆ ಈ ಧೂಳು ನಿಲ್ಲುವುದಿಲ್ಲ.

• ಬಿದ್ದ ಪುಡಿಯನ್ನು ಒಣಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿ ಬಿಸಾಡಿ.

• ಒಡೆದ ಚೂರನ್ನು ಒಲೆಯ ಮಗ್ಗುಲಿಗೆ ಇಡುವುದು, ಕುಟ್ಟಿ ಅಂಗಳಕ್ಕೆ ಹಾಕುವುದು ಬೇಡ.

• ಇಂಥ ಕೆಲಸದವರು ಮನೆಯಲ್ಲಿದ್ದರೆ ಬಟ್ಟೆಯನ್ನು ಕೆಲಸದ ಜಾಗದಲ್ಲೇ ಬದಲಿಸಿ ಬರಲಿ. ಆ ಬಟ್ಟೆಯನ್ನು ಕೊಡವದೆ ನೀರಿನಲ್ಲಿ ಮುಳುಗಿಸಿ, ಬೇರೆಯಾಗಿ ಒಗೆಯಿರಿ.

ಕೊನೆಯದಾಗಿ ಒಂದು ಪುಟ್ಟ ಕೆಲಸ. ಮನೆಯ ಮೂವತ್ತು ವರ್ಷದ ಸಂಗತಿ ನೆನಪಿಟ್ಟುಕೊಂಡವರು ಯಾರು? ನೀವೇ. ಮಾವನವರು ಎಲ್ಲಿ ದುಡಿದರು, ಯಜಮಾನರು ಮದುವೆಗೆ ಮುಂಚೆ ಯಾವ ಗ್ಯಾರೇಜಿನಲ್ಲಿದ್ದರು, ಯಾವ ವರ್ಷ ಶೀಟು ಹಾಕಿಸಿದ್ದು, ಯಾರ ಬಟ್ಟೆ ಯಾರು ಒಗೆದದ್ದು. ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆ ಚೀಟಿಗಳ ಜೊತೆ ಇಡಿ. ಕಲ್ನಾರಿನ ಕೆಲಸದಿಂದ ಬಂದ ಮೆಸೋಥೀಲಿಯೋಮ ಕಾನೂನಿನ ಪ್ರಕಾರ ಔದ್ಯೋಗಿಕ ರೋಗ. ಪರಿಹಾರ ಕೇಳುವ ಹೊತ್ತಿಗೂ ಆ ಹಾಳೆ ಬೇಕಾಗುತ್ತದೆ. ಡಾಕ್ಟರು ಕೇಳಲು ಮರೆತರೆ ನೀವೇ ಮುಂದಿಟ್ಟು ಹೇಳಿ: "ಸಾರ್, ನಮ್ಮ ಮನೆಗೆ ಈ ಧೂಳು ಬಂದಿತ್ತು."